ಕಡಲಿಲ್ಲದ ಊರಿನಿಂದ ಬೂದು ತಿಮಿಂಗಿಲದ ಕಡೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೂದು ತಿಮಿಂಗಿಲವನ್ನು ನೋಡಲು ಹೋಗುವುದು ಹೇಗೆ ಎಂದು ಕೇಳಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಸಮುದ್ರದಿಂದ ದೂರವಿರುವ ಊರುಗಳಿಂದಲೇ ಬಂದಿವೆ. ಕಡಲ ದಂಡೆಯವರು ಇಂಥ ಪತ್ರ ಬರೆಯುವುದಿಲ್ಲ; ಗಾಳಿ ನೋಡಿ ಹೊರಡುತ್ತಾರೆ, ಗಾಳಿ ನೋಡಿ ಹಿಂದಿರುಗುತ್ತಾರೆ. ವಿಮಾನದ ಟಿಕೆಟ್ ತೆಗೆದು ತಿಂಗಳ ಮೊದಲೇ ದಿನ ಗೊತ್ತುಮಾಡಬೇಕಾದ ನಮ್ಮಂಥವರಿಗೆ ಆ ಅನುಕೂಲವಿಲ್ಲ.

ಪ್ರಶ್ನೆ: ನಾವು ಕೊಲೊರಾಡೊದ ಡೆನ್ವರ್‌ನಲ್ಲಿದ್ದೇವೆ. ಧಾರವಾಡದಿಂದ ತಂದೆ ತಾಯಿ ಬಂದಿದ್ದು, ಮಾರ್ಚ್ ಕೊನೆಯವರೆಗೆ ಇರುತ್ತಾರೆ. ತಂದೆಗೆ 68 ವರ್ಷ, ತಾಯಿಗೆ ಮಂಡಿನೋವು. ಕ್ರಿಸ್‌ಮಸ್ ಹೊತ್ತಿಗೆ ನನಗೆ ಐದು ದಿನಗಳ ರಜೆಯಿದೆ. ಆಗ ಬೂದು ತಿಮಿಂಗಿಲ ತೋರಿಸಲು ಎಲ್ಲಿಗೆ ಕರೆದೊಯ್ಯಲಿ?

ಉತ್ತರ: ಸಾಧ್ಯವಿದ್ದರೆ ಆ ಐದು ದಿನಗಳ ರಜೆಯನ್ನು ಫೆಬ್ರುವರಿಗೆ ತಳ್ಳಿ. ಕಾರಣ ತಿಮಿಂಗಿಲದ ಪಂಚಾಂಗದಲ್ಲಿದೆ. ಬೇಸಿಗೆಯಲ್ಲಿ ಅಲಾಸ್ಕಾದ ಆಚೆಗಿನ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ ಮೇಯುವ ಬೂದು ತಿಮಿಂಗಿಲಗಳು ಚಳಿ ಶುರುವಾದೊಡನೆ ಅಮೆರಿಕದ ಪಶ್ಚಿಮ ಕರಾವಳಿಯ ಗುಂಟ ದಕ್ಷಿಣಕ್ಕೆ ಈಜುತ್ತಾ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪವನ್ನು ಸೇರುತ್ತವೆ. ಹೋಗಿಬರುವ ದಾರಿ ಒಟ್ಟು 16,000 ಕಿಲೋಮೀಟರಿಗೂ ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೂ ದಾರಿಯಲ್ಲಿರುತ್ತವೆ. ಸ್ಯಾನ್ ಡಿಯೇಗೊದ ಮುಂದೆ ಅವು ಅತಿ ಹೆಚ್ಚಾಗಿ ಹಾದುಹೋಗುವುದು ಜನವರಿ ನಡುವಿನಲ್ಲಿ. ಕ್ರಿಸ್‌ಮಸ್‌ಗೆ ಅಲ್ಲಿ ದೋಣಿ ಹತ್ತಿದರೆ ನಿಮಗೆ ಕಾಣುವುದು ಅವಸರದಲ್ಲಿರುವ ಪ್ರಯಾಣಿಕರ ಬೆನ್ನು ಮಾತ್ರ.

ಫೆಬ್ರುವರಿ ಆರಂಭದಿಂದ ಮಾರ್ಚ್ ನಡುವಿನವರೆಗೆ ಚಿತ್ರವೇ ಬೇರೆ. ಬಾಹಾದ ಪಶ್ಚಿಮ ದಡದಲ್ಲಿ ಮೂರು ಲಗೂನುಗಳಿವೆ. ಲಗೂನು ಎಂದರೆ, ಮರಳದಿಣ್ಣೆಗಳು ಅಡ್ಡ ನಿಂತು ಅಲೆಯನ್ನು ತಡೆದಿರುವ, ಒಳನಾಡಿಗೆ ಚಾಚಿಕೊಂಡ ಸಮುದ್ರದ ಒಂದು ಹೋಳು. ಹೆರಿಗೆಗೆ ತವರಿಗೆ ಬಂದ ಮಗಳಂತೆ ತಾಯಿ ತಿಮಿಂಗಿಲಗಳು ಇಲ್ಲಿಗೆ ಬಂದು ಈಯುತ್ತವೆ, ಬಾಣಂತನ ಮುಗಿಸಿಕೊಂಡು ಮರಿಯೊಡನೆ ಮರಳುತ್ತವೆ. ಹುಟ್ಟಿದಾಗಲೇ ಮರಿಯ ಉದ್ದ ಸುಮಾರು ನಾಲ್ಕೂವರೆ ಮೀಟರ್. ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇರುವುದರಿಂದ ಅದು ಕಣ್ಣೆದುರೇ ಬೆಳೆಯುತ್ತದೆ ಎಂದರೂ ತಪ್ಪಲ್ಲ. ಫೆಬ್ರುವರಿ ಕೊನೆಯ ಹೊತ್ತಿಗೆ ಒಂಟಿ ಗಂಡುಗಳು ಉತ್ತರಕ್ಕೆ ಹೊರಟಿರುತ್ತವೆ. ಉಳಿದ ತಾಯಿ ಮರಿಗಳಿಗೆ ಪುರುಸೊತ್ತಿರುತ್ತದೆ, ಮರಿಗಳಿಗೆ ಕುತೂಹಲವೂ ಇರುತ್ತದೆ.

ಮೂರರಲ್ಲಿ ಯಾವುದು? ಎಲ್ಲಕ್ಕಿಂತ ಉತ್ತರದ್ದು ಗೆರೆರೊ ನೆಗ್ರೊ ಪಟ್ಟಣದ ಬಳಿಯ ಓಹೊ ದೆ ಲಿಯೆಬ್ರೆ. ತಿಮಿಂಗಿಲಗಳು ಹೆಚ್ಚು ಸೇರುವುದು ಅಲ್ಲೇ, ಆದರೆ ಗಡಿಯ ತಿಹುವಾನಾದಿಂದ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ನಡುವಿನದು ಸ್ಯಾನ್ ಇಗ್ನಾಸಿಯೊ; ಮನುಷ್ಯರ ಬಳಿಗೆ ತಾವಾಗಿ ಬರುವ ತಿಮಿಂಗಿಲಗಳಿಗೆ ಹೆಸರಾದದ್ದು ಇದೇ. ನನ್ನ ಮನಸ್ಸಿಗೆ ಹತ್ತಿರವಾದದ್ದೂ ಇದೇ, ಆದರೆ ಊರಿನಿಂದ ಲಗೂನಿಗೆ ಇನ್ನೂ 60 ಕಿಲೋಮೀಟರ್ ಮರುಭೂಮಿ ದಾಟಬೇಕು, ಉಳಿಯುವುದು ಡೇರೆಯಲ್ಲೋ ಹಲಗೆಯ ಗುಡಿಸಲಿನಲ್ಲೋ, ಮತ್ತು ದೋಣಿ ಹತ್ತುವಾಗ ಒಮ್ಮೊಮ್ಮೆ ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕಾಗುತ್ತದೆ. ನಿಮ್ಮ ತಾಯಿಯ ಮಂಡಿಯನ್ನು ನೆನೆದರೆ ದಕ್ಷಿಣದ ಮಗ್ದಲೇನಾ ಕೊಲ್ಲಿಯೇ ಸರಿ. ಅಲ್ಲಿನ ಪುಯೆರ್ತೊ ಅದೋಲ್ಫೊ ಲೋಪೆಸ್ ಮತೇಯೊಸ್ ಎಂಬ ಮೀನುಗಾರರ ಊರಿನಲ್ಲಿ ಕಟ್ಟೆಯಿಂದಲೇ ದೋಣಿ ಹತ್ತಬಹುದು. ಕಾಲುವೆ ಕಿರಿದಾಗಿರುವುದರಿಂದ ತಿಮಿಂಗಿಲಗಳನ್ನು ಹುಡುಕಿಕೊಂಡು ದೂರ ಹೋಗುವ ಪ್ರಮೇಯವೂ ಕಡಿಮೆ.

ದಾರಿಯನ್ನು ಹೀಗೆ ಹಾಕಿಕೊಳ್ಳಿ. ಫೆಬ್ರುವರಿಯ ಮೂರನೆಯ ಸೋಮವಾರ ಅಮೆರಿಕದಲ್ಲಿ ಪ್ರೆಸಿಡೆಂಟ್ಸ್ ಡೇ. ಅನೇಕ ಕಚೇರಿಗಳಿಗೆ ಬಿಡುವು. ಅದನ್ನು ಸೇರಿಸಿಕೊಂಡರೆ ನಾಲ್ಕೇ ದಿನಗಳ ರಜೆಗೆ ಒಂಬತ್ತು ದಿನ ಸಿಗುತ್ತದೆ. ಶನಿವಾರ ಡೆನ್ವರ್‌ನಿಂದ ನೇರವಾಗಿ ಲಾಸ್ ಕಾಬೋಸ್‌ಗೆ ಹಾರಿ, ಹಗಲಿರುವಾಗಲೇ ಎರಡು ಎರಡೂವರೆ ಗಂಟೆಯ ದಾರಿಯ ಲಾ ಪಾಸ್ ಸೇರಿಕೊಳ್ಳಿ. ಭಾನುವಾರ ಹಿರಿಯರಿಗೆ ವಿಶ್ರಾಂತಿ. ಸೋಮವಾರ ಸಿಯುದಾದ್ ಕೊನ್‌ಸ್ಟಿಟ್ಯೂಸಿಯೊನ್ ಎಂಬ ಪಟ್ಟಣಕ್ಕೆ ಹೋಗಿ ವಸತಿ ಮಾಡಿ. ಅಲ್ಲಿಂದ ದೋಣಿಕಟ್ಟೆ ಒಂದು ಗಂಟೆಯ ಒಳಗಿನ ದಾರಿ. ಮಂಗಳವಾರ, ಬುಧವಾರ ಎರಡು ಬೆಳಗು ದೋಣಿಗೆ. ಗುರುವಾರವನ್ನು ಏನೂ ತುಂಬಿಸದೆ ಖಾಲಿ ಬಿಡಿ.

ಆ ಖಾಲಿ ಗುರುವಾರ ಈ ಯೋಜನೆಯ ಜೀವಾಳ. ಗಾಳಿ ಬಂದಾಗ ತೂರಿಕೋ ಎನ್ನುವುದು ರಾಶಿ ಮಾಡುವ ಕಣದ ಮಾತು. ಲಗೂನಿನಲ್ಲಿ ಗಾಳಿ ಬಂದರೆ ಕೈಕಟ್ಟಿ ಕೂರಬೇಕು. ನಾನು ಮೊದಲ ಸಲ ಸ್ಯಾನ್ ಇಗ್ನಾಸಿಯೊಗೆ ಹೋದಾಗ ಲೆಕ್ಕ ಹಾಕಿ ಒಂದೇ ದಿನ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಎದ್ದಾಗ ಡೇರೆಯ ಬಟ್ಟೆ ಪಟಪಟನೆ ಬಡಿದುಕೊಳ್ಳುತ್ತಿತ್ತು, ನೀರಿನ ಮೇಲೆಲ್ಲಾ ಬಿಳಿ ನೊರೆ. ದೋಣಿಯವನು ಆಕಾಶವನ್ನೂ ನೋಡಲಿಲ್ಲ, ನೀರನ್ನು ಒಮ್ಮೆ ನೋಡಿ ತಲೆಯಾಡಿಸಿ ಕಾಫಿ ಬಗ್ಗಿಸಿಕೊಂಡ. ದೂರದಲ್ಲಿ ಉಸಿರಿನ ಬುಗ್ಗೆಗಳು ಏಳುವುದನ್ನು ದಡದಿಂದಲೇ ಎಣಿಸುತ್ತಾ ಸಂಜೆ ಮಾಡಿದೆ, ಮರುದಿನ ವಿಮಾನವಿದ್ದುದರಿಂದ ಹೊರಟುಬಂದೆ. ಮತ್ತೆ ಹೋಗಲು ಮೂರು ವರ್ಷ ಬೇಕಾಯಿತು. ಸಾಮಾನ್ಯವಾಗಿ ಬೆಳಿಗ್ಗೆ ನೀರು ಶಾಂತವಾಗಿದ್ದು ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ. ಆದ್ದರಿಂದ ಮೊದಲ ದೋಣಿಯನ್ನೇ ಕೇಳಿ.

ಎರಡು ಸಣ್ಣ ಮಾತು. ಬಾಡಿಗೆ ಕಾರು ತೆಗೆದುಕೊಂಡರೆ ಮೆಕ್ಸಿಕೊದ ಹೊಣೆಗಾರಿಕೆ ವಿಮೆ ಬೇಕೇ ಬೇಕು, ಅಮೆರಿಕದ ವಿಮೆ ಅಲ್ಲಿ ನಡೆಯುವುದಿಲ್ಲ. ಮತ್ತು ಕತ್ತಲಾದ ಮೇಲೆ ಓಡಿಸಬೇಡಿ, ನಮ್ಮ ಹಳ್ಳಿ ರಸ್ತೆಯಂತೆಯೇ ದನಗಳು ಬಿಸಿ ಡಾಂಬರಿನ ಮೇಲೆ ಬಂದು ಮಲಗಿರುತ್ತವೆ. ಇನ್ನು ಗಡಿಯಾರ: ದಕ್ಷಿಣ ಬಾಹಾದ ಸಮಯವೂ ಡೆನ್ವರ್‌ನ ಚಳಿಗಾಲದ ಸಮಯವೂ ಒಂದೇ. ಮಾರ್ಚ್‌ನ ಎರಡನೆಯ ಭಾನುವಾರ ಅಮೆರಿಕದವರು ಗಡಿಯಾರ ಮುಂದಿಟ್ಟ ಮೇಲೆ ಮಾತ್ರ ಒಂದು ಗಂಟೆಯ ವ್ಯತ್ಯಾಸ ಬರುತ್ತದೆ.

ಪ್ರಶ್ನೆ: ಕ್ಯಾನ್ಸಸ್‌ನ ವಿಚಿಟಾದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದೆ, ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ದಾಖಲೆಯಾದ ಐ-94 ಚಾಲ್ತಿಯಲ್ಲಿದೆ. ಅತ್ತೆ ಮಾವ ಪ್ರವಾಸಿಗರ ಬಿ-2 ವೀಸಾದಲ್ಲಿ ಬಂದಿದ್ದಾರೆ. ತಿಮಿಂಗಿಲ ನೋಡಲು ಮೆಕ್ಸಿಕೊಗೆ ಹೋಗಿ ಬರಬಹುದೇ?

ಉತ್ತರ: ನಿಮ್ಮ ಮನೆಯಲ್ಲಿ ಹಿರಿಯರ ಕೆಲಸ ಸುಲಭ, ನಿಮ್ಮದು ಕಷ್ಟ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊಗೆ ವೀಸಾ ಬೇಕು. ಆದರೆ ಅಮೆರಿಕದ ಚಾಲ್ತಿ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನು ಮೆಕ್ಸಿಕೊ ಬೇರೆ ವೀಸಾ ಕೇಳದೆ ಪ್ರವಾಸಿಗರಾಗಿ ಒಳಬಿಡುತ್ತದೆ. ಅತ್ತೆ ಮಾವನವರ ಬಿ-2 ಹಲವು ಪ್ರವೇಶಗಳ ವೀಸಾ ಆಗಿದ್ದು ಅವಧಿಯಲ್ಲಿದ್ದರೆ ಹೋಗಲೂ ಬರಲೂ ಅದೇ ಸಾಕು.

ನಿಮ್ಮ ವಿಷಯದಲ್ಲಿ ಅನೇಕರು ಎಡವುವುದು ಎರಡು ದೇಶಗಳ ನಿಯಮವನ್ನು ಒಂದೇ ಎಂದುಕೊಂಡು. ಮುದ್ರೆಯ ಅವಧಿ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದು, ಮೆಕ್ಸಿಕೊದಲ್ಲಿ 30 ದಿನ ಮೀರದೆ ಇದ್ದು, ಹೊಸ ವೀಸಾಕ್ಕೆ ಅರ್ಜಿ ಹಾಕದೆ ಮರಳುವವರನ್ನು ಒಳಸೇರಿಸಿಕೊಳ್ಳುವ ನಿಯಮ ಅಮೆರಿಕದಲ್ಲಿ ಇದೆ. ಆದರೆ ಅದು ಹಿಂದಿರುಗುವ ಬಾಗಿಲು. ಹೋಗುವ ಬಾಗಿಲಿನಲ್ಲಿ ಮೆಕ್ಸಿಕೊ ನೋಡುವುದು ಚಾಲ್ತಿಯಲ್ಲಿರುವ ಮುದ್ರೆಯನ್ನು. ಅದಿಲ್ಲವಾದ್ದರಿಂದ ನೀವು ಮೆಕ್ಸಿಕೊ ಕಾನ್ಸುಲೇಟಿನಿಂದ ಬೇರೆಯಾಗಿ ವೀಸಾ ಪಡೆಯಬೇಕಾಗುತ್ತದೆ. ಐ-94ರ ಪ್ರತಿಯನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ, ಹೊರಡುವ ಮುನ್ನ ಕಂಪನಿಯ ವಕೀಲರಿಗೆ ಒಂದು ಮಾತು ತಿಳಿಸಿ. ಈ ಅಲೆದಾಟ ಬೇಡವೆನಿಸಿದರೆ ಗಡಿ ದಾಟದೆ ನೋಡುವ ದಾರಿಯೂ ಇದೆ. ಕೊನೆಯ ಪ್ರಶ್ನೆಯ ಉತ್ತರವನ್ನು ಓದಿ. ಅತ್ತೆ ಮಾವನವರ ಆರೋಗ್ಯ ವಿಮೆ ಮೆಕ್ಸಿಕೊದಲ್ಲಿ ಅನ್ವಯವಾಗುತ್ತದೆಯೇ ಎಂಬುದನ್ನೂ ಮರೆಯದೆ ನೋಡಿಕೊಳ್ಳಿ.

ಪ್ರಶ್ನೆ: ಇಷ್ಟು ದೂರ ಹೋಗುವುದೇಕೆ? ಕಾರವಾರ, ಮುರ್ಡೇಶ್ವರದ ಕಡೆ ಬೂದು ತಿಮಿಂಗಿಲ ಕಾಣುವುದಿಲ್ಲವೇ? (ವಿಜಯಪುರ)

ಉತ್ತರ: ಕಾಣುವುದಿಲ್ಲ. ಈ ಜಾತಿ ಈಗ ಉಳಿದಿರುವುದು ಉತ್ತರ ಪೆಸಿಫಿಕ್‌ನಲ್ಲಿ ಮಾತ್ರ. ಅಟ್ಲಾಂಟಿಕ್‌ನಲ್ಲಿದ್ದವು 18ನೆಯ ಶತಮಾನದ ಹೊತ್ತಿಗೆ ಅಳಿದುಹೋದವು. 2010ರಲ್ಲಿ ಇಸ್ರೇಲ್ ಬಳಿ, 2013ರಲ್ಲಿ ನಮೀಬಿಯಾ ಬಳಿ ದಾರಿತಪ್ಪಿದ ಒಂದೊಂದು ಕಂಡು ಜಗತ್ತೇ ಅಚ್ಚರಿಪಟ್ಟಿತ್ತು. ನಿಮಗೆ ಬೂದು ತಿಮಿಂಗಿಲವೇ ಆಗಬೇಕೆಂಬ ಹಟವಿಲ್ಲದಿದ್ದರೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಶ್ರೀಲಂಕಾದ ಮಿರಿಸ್ಸಾದಿಂದ ಹೊರಡುವ ದೋಣಿಗಳಲ್ಲಿ ನೀಲಿ ತಿಮಿಂಗಿಲವನ್ನು ನೋಡುವ ಅವಕಾಶವಿದೆ, ಖರ್ಚೂ ಕಡಿಮೆ.

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಶಿಕ್ಷಕಿ. ಅಮೆರಿಕದ ಮಗಳು ನನ್ನನ್ನು ಬಾಹಾಕ್ಕೆ ಕರೆದೊಯ್ಯುತ್ತೇನೆ, ಅಲ್ಲಿ ತಿಮಿಂಗಿಲವನ್ನು ಕೈಯಿಂದ ಮುಟ್ಟಬಹುದು ಎನ್ನುತ್ತಾಳೆ. ಕಾಡುಪ್ರಾಣಿಯನ್ನು ಮುಟ್ಟುವುದು, ಅದೂ ಬಾಣಂತಿಯನ್ನು, ಸರಿಯೇ? ಅವುಗಳ ಸಂಖ್ಯೆ ಕುಸಿಯುತ್ತಿದೆ ಎಂದೂ ಓದಿದೆ.

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಆ ನೀರಿನ ಇತಿಹಾಸವನ್ನು ಸ್ವಲ್ಪ ಹೇಳಬೇಕು. 1857ರ ಚಳಿಗಾಲದಲ್ಲಿ ಚಾರ್ಲ್ಸ್ ಸ್ಕ್ಯಾಮನ್ ಎಂಬ ಅಮೆರಿಕದ ಬೇಟೆಗಾರ ಕಪ್ತಾನ ಓಹೊ ದೆ ಲಿಯೆಬ್ರೆಯ ಬಾಯಿಯನ್ನು ದಾಟಿ ಒಳನುಗ್ಗಿದ. ಎಣ್ಣೆಗಾಗಿ ನಡೆದ ಆ ಬೇಟೆಯಲ್ಲಿ ಮರಿಯನ್ನು ಗಾಯಗೊಳಿಸಿ ತಾಯಿಯನ್ನು ಹತ್ತಿರಕ್ಕೆ ಸೆಳೆಯುವುದೂ ಇತ್ತು. ಮರಿಯನ್ನು ಉಳಿಸಿಕೊಳ್ಳಲು ದೋಣಿಗಳನ್ನು ಬಾಲದಿಂದ ಒಡೆದುಹಾಕುತ್ತಿದ್ದ ತಾಯಂದಿರಿಗೆ ಬೇಟೆಗಾರರು ಇಟ್ಟ ಹೆಸರು ‘ದೆವ್ವದ ಮೀನು’. ಕೆಲವೇ ದಶಕಗಳಲ್ಲಿ ಲಗೂನುಗಳು ಬರಿದಾದವು. 1937ರ ಮತ್ತು 1946ರ ಅಂತರರಾಷ್ಟ್ರೀಯ ಒಪ್ಪಂದಗಳು ಬೇಟೆಗೆ ತಡೆ ಹಾಕಿದ ಮೇಲೆ ಸಂತತಿ ನಿಧಾನವಾಗಿ ಚಿಗುರಿತು. 1994ರಲ್ಲಿ ಅಮೆರಿಕ ಪೂರ್ವ ಪೆಸಿಫಿಕ್‌ನ ಬೂದು ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದುಹಾಕಿತು.

ಮುಟ್ಟುವ ಕಥೆ ಶುರುವಾದದ್ದು 1972ರಲ್ಲಿ, ಸ್ಯಾನ್ ಇಗ್ನಾಸಿಯೊದಲ್ಲಿ. ಅಲ್ಲಿಯವರೆಗೂ ಮೀನುಗಾರರು ತಿಮಿಂಗಿಲ ಬಳಿ ಬಾರದಿರಲೆಂದು ದೋಣಿಯ ತಳವನ್ನು ಬಡಿದು ಸದ್ದು ಮಾಡುತ್ತಿದ್ದರು. ಪಚಿಕೊ ಎಂದೇ ಹೆಸರಾದ ಫ್ರಾನ್ಸಿಸ್ಕೊ ಮಯೋರಾಲ್ ಎಂಬ ಮೀನುಗಾರನ ದೋಣಿಗೆ ಒಂದು ತಿಮಿಂಗಿಲ ಬಂದು ಮೈ ಉಜ್ಜುತ್ತಾ ನಿಂತುಬಿಟ್ಟಿತು. ಹೆದರಿಕೆ ಇಳಿದ ಮೇಲೆ ಅವನು ಕೈ ಚಾಚಿ ಮುಟ್ಟಿದ. ಮೊದಲು ಕೈ ಚಾಚಿದವನು ಮನುಷ್ಯನೇ ಇರಬಹುದು, ಆದರೆ ಮೊದಲು ಹತ್ತಿರ ಬಂದದ್ದು ತಿಮಿಂಗಿಲ. ಇಂದಿಗೂ ಅಲ್ಲಿ ನಡೆಯುವುದು ಆ ಕ್ರಮದಲ್ಲೇ. ಸ್ಥಳೀಯರು ಪಂಗಾ ಎಂದು ಕರೆಯುವ ಚಿಕ್ಕ ದೋಣಿಗಳಲ್ಲಿ ಏಕಕಾಲಕ್ಕೆ ಹದಿನಾರಕ್ಕಿಂತ ಹೆಚ್ಚು ವೀಕ್ಷಣೆಯ ವಲಯದೊಳಗೆ ಇರುವಂತಿಲ್ಲ, ಒಂದು ದೋಣಿಗೆ ಸಿಗುವುದು 90 ನಿಮಿಷ, ನೀರಿಗಿಳಿದು ಈಜುವಂತಿಲ್ಲ, ಬೆನ್ನಟ್ಟುವಂತಿಲ್ಲ. ದೋಣಿಯವನು ದೂರದಲ್ಲೇ ವೇಗ ಇಳಿಸಿ, ಎಂಜಿನ್ ಸುಮ್ಮನೆ ಗುರುಗುಟ್ಟುವಂತೆ ಬಿಟ್ಟು ಕಾಯುತ್ತಾನೆ. ಬಂದರೆ ಬಂತು. ಎಷ್ಟೋ ದೋಣಿಗಳಿಗೆ ಬರುವುದಿಲ್ಲ.

ನನ್ನ ಎರಡನೆಯ ಪ್ರವಾಸದಲ್ಲಿ ಬಂತು. ಮೊದಲು ನೀರಿನಡಿಯಲ್ಲಿ ಬೂದುಬಣ್ಣದ ಒಂದು ನೆರಳು, ಆಮೇಲೆ ದೋಣಿಯ ಅಂಚಿನಲ್ಲಿ ಮರಿಯ ಮೂತಿ. ಮೂತಿಯ ಮೇಲೆ ಅಲ್ಲಲ್ಲಿ ಸಣ್ಣ ಕುಳಿ, ಕುಳಿಗೊಂದು ಬಿರುಗೂದಲು. ತಿಮಿಂಗಿಲವೂ ಹಾಲೂಡುವ ಪ್ರಾಣಿ ಎಂಬುದನ್ನು ಪಾಠದಲ್ಲಿ ಓದಿದ್ದು ನನಗೆ ನಿಜವಾದದ್ದು ಆ ಕೂದಲನ್ನು ನೋಡಿದಾಗ. ಮೈ ತೊಳೆದಿಟ್ಟ ಬದನೆಕಾಯಿಯಂತೆ ನುಣುಪು, ತಣ್ಣಗೆ, ಒತ್ತಿದರೆ ಒಳಗಿನಿಂದ ಮೆತ್ತಗೆ. ತಾಯಿಯ ಮೈ ಹಾಗಲ್ಲ: ಬಾರ್ನಕಲ್ ಚಿಪ್ಪುಗಳು ಬಂಡೆಗೆ ಅಂಟಿದಂತೆ ಅಂಟಿಕೊಂಡಿರುತ್ತವೆ, ಅವುಗಳ ನಡುವೆ ತಿಮಿಂಗಿಲ ಹೇನುಗಳು ಹರಿದಾಡುತ್ತವೆ, ಚಿಪ್ಪಿನ ಅಂಚು ಬೆರಳು ಕೊಯ್ಯುವಷ್ಟು ಹರಿತ. ಅದು ಉಸಿರು ಬಿಟ್ಟಾಗ ದೋಣಿಯವರೆಲ್ಲ ತೊಯ್ದೆವು, ವಾಸನೆ ಮೀನುಪೇಟೆಯದು.

ಇನ್ನು ಸರಿಯೇ ತಪ್ಪೇ ಎಂಬ ಮಾತು. ತಾನಾಗಿ ಬಂದು ತಾನಾಗಿ ಹೋಗಬಲ್ಲ ಪ್ರಾಣಿಗೆ ಒಂದು ಕ್ಷಣ ಅಂಗೈ ತಾಗಿಸುವುದರಲ್ಲಿ ನನಗೆ ಹಿಂಸೆ ಕಾಣುವುದಿಲ್ಲ. ಕಣ್ಣು, ಉಸಿರಿನ ರಂಧ್ರ, ಬಾಲ ಇವನ್ನು ಮುಟ್ಟಬಾರದು. ತಾಯಿ ಮರಿಯ ನಡುವೆ ದೋಣಿ ನುಗ್ಗಿಸುವವನ ದೋಣಿಯನ್ನು ಹತ್ತಬಾರದು. ಇನ್ನೊಂದನ್ನು ನೆನೆಯಬೇಕು: ಸ್ಯಾನ್ ಇಗ್ನಾಸಿಯೊದಲ್ಲಿ ಭಾರಿ ಉಪ್ಪಿನ ಕಾರ್ಖಾನೆಯೊಂದನ್ನು ಕಟ್ಟುವ ಯೋಜನೆಯನ್ನು 2000ದ ಮಾರ್ಚ್‌ನಲ್ಲಿ ಮೆಕ್ಸಿಕೊದ ಅಂದಿನ ಅಧ್ಯಕ್ಷ ಎರ್ನೆಸ್ಟೊ ಸೆದಿಯೊ ಕೈಬಿಟ್ಟದ್ದು ಜಗತ್ತಿನೆಲ್ಲೆಡೆಯಿಂದ ವಿರೋಧ ಬಂದ ಮೇಲೆ. ಆ ತಿಮಿಂಗಿಲಗಳನ್ನು ಹತ್ತಿರದಿಂದ ಕಂಡವರು ಆ ವಿರೋಧದ ಮುಂಚೂಣಿಯಲ್ಲಿದ್ದರು.

ಸಂಖ್ಯೆಯ ವಿಷಯದಲ್ಲಿ ನೀವು ಓದಿದ್ದು ನಿಜ. 2016ರಲ್ಲಿ ಸುಮಾರು 27,000 ಇದ್ದವು 2025ರ ಅಂದಾಜಿನಲ್ಲಿ 13,000ದ ಆಸುಪಾಸಿಗೆ ಇಳಿದಿವೆ. ಇದು ದೋಣಿಗಳಿಂದ ಆದದ್ದಲ್ಲ, ಹಸಿವಿನಿಂದ. ಬೂದು ತಿಮಿಂಗಿಲ ಕಡಲತಳದ ಕೆಸರನ್ನು ಹೀರಿ, ಅದರಲ್ಲಿರುವ ಸಿಗಡಿಯಂಥ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಉತ್ತರ ಧ್ರುವದ ಹಿಮದ ಅಡಿಯಲ್ಲಿ ಬೆಳೆಯುವ ಪಾಚಿ ಉದುರಿ ಆ ಜೀವಿಗಳಿಗೆ ಮೇವಾಗಬೇಕು. ಹಿಮ ಕರಗುತ್ತಾ ಬಂದಂತೆ ಆ ಉಗ್ರಾಣ ಏರುಪೇರಾಗಿದೆ. ಲಗೂನಿನಲ್ಲಿ ತಾಯಿ ಬಹುತೇಕ ಉಪವಾಸವಿರುವುದರಿಂದ ಉತ್ತರದಲ್ಲಿ ಮೈತುಂಬ ಮೇಯದವಳಿಗೆ ಮರಿ ಹೊರುವ ತ್ರಾಣವೇ ಇರುವುದಿಲ್ಲ. ಕೆಲವು ವರ್ಷ ಲಗೂನಿನಲ್ಲಿ ತಾಯಿ ಮರಿಗಳ ಜೋಡಿ ವಿರಳವಾಗಿ ಕಂಡರೆ ಅದು ನಿಮ್ಮ ದುರದೃಷ್ಟವೆಂದು ತಿಳಿಯಬೇಡಿ.

ಪ್ರಶ್ನೆ: ಸಾಲ್ಟ್ ಲೇಕ್ ಸಿಟಿಯಲ್ಲಿದ್ದೇವೆ, ಐದು ವರ್ಷದ ಮಗನಿದ್ದಾನೆ. ನನಗೆ ಘಟ್ಟದ ಬಸ್ಸಿನಲ್ಲೇ ವಾಂತಿಯಾಗುತ್ತದೆ, ಮನೆಯವರು ಶುದ್ಧ ಸಸ್ಯಾಹಾರಿ. ಮೆಕ್ಸಿಕೊಗೆ ಹೋಗುವ ಧೈರ್ಯ ಮಾಡಬಹುದೇ, ಅಥವಾ ದೋಣಿ ಹತ್ತದೆಯೇ ನೋಡಬಹುದೇ?

ಉತ್ತರ: ಎರಡೂ ಸಾಧ್ಯ. ಲಗೂನಿನ ನೀರು ತೆರೆದ ಸಮುದ್ರದಂತೆ ಹೊಯ್ದಾಡುವುದಿಲ್ಲ, ಘಟ್ಟದ ಬಸ್ಸಿಗಿಂತ ಎಷ್ಟೋ ಮೇಲು. ವೈದ್ಯರನ್ನು ಕೇಳಿ ವಾಕರಿಕೆಯ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಿ. ತಲೆ ತಿರುಗಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಕ್ಯಾಮೆರಾದ ಪರದೆಯನ್ನೇ ದಿಟ್ಟಿಸದೆ ದಿಗಂತದ ಗೆರೆಯನ್ನು ನೋಡುತ್ತಿರಿ. ಊಟದ ವಿಷಯದಲ್ಲಿ ಒಂದು ಎಚ್ಚರ: ಬೇಯಿಸಿ ಅರೆದ ಹುರುಳಿಪಲ್ಯದಂತೆ ಕಾಣುವ ಅಲ್ಲಿನ ಬೀನ್ಸ್ ಮತ್ತು ಮೈದಾದ ರೊಟ್ಟಿ ಎರಡಕ್ಕೂ ಅನೇಕ ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. ‘ಸಿನ್ ಮಾಂತೇಕಾ’ ಎಂದರೆ ಆ ಕೊಬ್ಬು ಬೇಡ ಎಂದರ್ಥ. ಈ ಎರಡು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಸಾಮಾನ್ಯವಾಗಿ ತೊಂದರೆಯಿಲ್ಲ, ಜೊತೆಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣವೊಂದಿದ್ದರೆ ಇನ್ನೂ ತೊಂದರೆಯಿಲ್ಲ.

ಆದರೆ ಐದು ವರ್ಷದ ಮಗುವಿನ ಮೊದಲ ತಿಮಿಂಗಿಲಕ್ಕೆ ದಡವೇ ಸಾಕೆಂದು ನನ್ನ ಅಭಿಪ್ರಾಯ. ಸ್ಯಾನ್ ಡಿಯೇಗೊದ ಕಬ್ರಿಯೊ ರಾಷ್ಟ್ರೀಯ ಸ್ಮಾರಕದ ಗುಡ್ಡದಿಂದ ಜನ 1950ರಿಂದಲೂ ಬೂದು ತಿಮಿಂಗಿಲಗಳನ್ನು ನೋಡುತ್ತಿದ್ದಾರೆ. ಜನವರಿ ನಡುವಿನ ಒಂದು ವಾರಾಂತ್ಯ ಆರಿಸಿಕೊಳ್ಳಿ. ಲಾಸ್ ಏಂಜಲೀಸ್ ಬಳಿಯ ಪಾಯಿಂಟ್ ವಿಸೆಂಟೆಯಲ್ಲಿ ಸ್ವಯಂಸೇವಕರು ಚಳಿಗಾಲವಿಡೀ ಕುಳಿತು ತಿಮಿಂಗಿಲಗಳನ್ನು ಎಣಿಸುತ್ತಾರೆ, ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ಶಾಲೆಯ ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಓರೆಗನ್‌ನ ಡಿಪೊ ಬೇ: ಉತ್ತರದವರೆಗೆ ಹೋಗದೆ ಅಲ್ಲೇ ಮೇಯುತ್ತಾ ಉಳಿಯುವ ಕೆಲವು ತಿಮಿಂಗಿಲಗಳು ಊರಿನ ಕಲ್ಲುಕಟ್ಟೆಯಿಂದಲೇ ಕಾಣುತ್ತವೆ.

ದಡದಿಂದ ನೋಡುವಾಗ ಮಗನಿಗೆ ಬೈನಾಕ್ಯುಲರ್ ಕೊಡುವ ಮೊದಲು ಬರಿಗಣ್ಣಿನಲ್ಲಿ ಹುಡುಕುವುದನ್ನು ಕಲಿಸಿ. ಈ ತಿಮಿಂಗಿಲಕ್ಕೆ ಬೆನ್ನಿನ ಮೇಲೆ ರೆಕ್ಕೆಯಿಲ್ಲ, ಆದ್ದರಿಂದ ಮೊದಲು ಕಾಣುವುದು ಉಸಿರು: ಎದುರಿನಿಂದ ನೋಡಿದರೆ ಹೃದಯದ ಆಕಾರದ, ಮೂರು ನಾಲ್ಕು ಮೀಟರ್ ಎತ್ತರದ ಬಿಳಿ ಬುಗ್ಗೆ. ಹದಿನೈದು ಮೂವತ್ತು ಸೆಕೆಂಡಿಗೊಮ್ಮೆ ಮೂರರಿಂದ ಐದು ಸಲ ಉಸಿರು ಬಿಟ್ಟು, ಬಾಲ ಎತ್ತಿ, ಮುಳುಗಿ ಮೂರರಿಂದ ಐದು ನಿಮಿಷ ಮಾಯವಾಗುತ್ತದೆ. ಹೊಸಬರು ಬಾಲ ಮುಳುಗಿದ ಜಾಗವನ್ನೇ ನೋಡುತ್ತಾ ನಿಲ್ಲುತ್ತಾರೆ. ಅದು ನಿಂತಿರುವುದಿಲ್ಲ, ಗಂಟೆಗೆ ಆರೇಳು ಕಿಲೋಮೀಟರಿನಂತೆ ಸಾಗುತ್ತಲೇ ಇರುತ್ತದೆ. ಆದ್ದರಿಂದ ಜನವರಿಯಾದರೆ ಅಲ್ಲಿಂದ ಅರ್ಧ ಕಿಲೋಮೀಟರ್ ದಕ್ಷಿಣಕ್ಕೆ, ಮಾರ್ಚ್ ಆದರೆ ಅಷ್ಟೇ ಉತ್ತರಕ್ಕೆ ಕಣ್ಣಿಟ್ಟು ಕಾಯಲು ಹೇಳಿ.